ಗಣಕಯಂತ್ರದ ಭದ್ರತಾ ಪರಿಷ್ಕರಣ: ಒಪ್ಪುವುದೋ, ಮುಂದೂಡುವುದೋ?

ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ಗಣಕಯಂತ್ರವು ಏನನ್ನಾದರೂ ಕೇಳಿದರೆ ಉತ್ತರ ಹೇಳುವ ಭಾರವು ಬಹುತೇಕ ಮಕ್ಕಳ ಮೇಲೆಯೇ ಬೀಳುತ್ತದೆ. ತಂದೆಯವರ ಹೋಟೆಲಿನ ಗಲ್ಲಾದಲ್ಲಿರುವ ಬಿಲ್ಲಿನ ಯಂತ್ರವಾಗಲಿ, ಅಣ್ಣನು ಕಾಲೇಜಿಗೆಂದು ಕೊಂಡ ಲ್ಯಾಪ್‌ಟಾಪ್ ಆಗಲಿ, ಪರದೆಯ ಮೂಲೆಯಲ್ಲಿ ಇಂಗ್ಲಿಷಿನ ಸೂಚನೆಯೊಂದು ಮೂಡಿದೊಡನೆ "ಇದೇನು ಕೇಳುತ್ತಿದೆ, ಸ್ವಲ್ಪ ನೋಡು ಮಗು" ಎಂದು ಹಿರಿಯರು ನಮ್ಮನ್ನು ಕರೆಯುತ್ತಾರೆ. ಸೂಚನೆಯ ತಾತ್ಪರ್ಯವಿಷ್ಟೆ: ಹೊಸ ಭದ್ರತಾ ಪರಿಷ್ಕರಣ ಬಂದಿದೆ, ಈಗಲೇ ಅಳವಡಿಸುವಿರಾ, ಆಮೇಲೆ ನೋಡುವಿರಾ? ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ 'ಆಮೇಲೆ' ಎಂಬ ಉತ್ತರವೇ ಸುಲಭವೆನಿಸುವುದು ಸಹಜ. ಆದುದರಿಂದ ಈ ವಿಷಯವನ್ನು ನಮ್ಮ ಸಹಪಾಠಿಗಳೊಡನೆ ವಿಚಾರಮಾಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇವೆ.

ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರದೊಳಗಿನ ಕಾರುಬಾರಿ. ಕಡತಗಳನ್ನು ಕಾಯುವುದು, ಹೊರಗಿನ ಜಾಲದೊಡನೆ ವ್ಯವಹರಿಸುವುದು, ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಿಡಬಾರದು ಎಂದು ನಿರ್ಣಯಿಸುವುದು, ಇವೆಲ್ಲ ಅದರದೇ ಕೆಲಸ. ಅಷ್ಟು ವಿಸ್ತಾರವಾದ ಬರಹದಲ್ಲಿ ದೋಷಗಳು ಉಳಿಯದೆ ಇರವು. ಹಾಗೆ ಉಳಿದ ಬಿರುಕುಗಳನ್ನು ಮುಚ್ಚುವುದೇ ಭದ್ರತಾ ಪರಿಷ್ಕರಣದ ಉದ್ದೇಶ. ಮೈಕ್ರೋಸಾಫ್ಟ್ ಸಂಸ್ಥೆಯು ೨೦೦೩ರ ಅಕ್ಟೋಬರ್‌ನಿಂದ ಇವನ್ನು ತಿಂಗಳಿಗೊಮ್ಮೆ, ಎರಡನೆಯ ಮಂಗಳವಾರದಂದು, ಹೊರಡಿಸುವ ಪದ್ಧತಿಯನ್ನಿಟ್ಟುಕೊಂಡಿದೆ.

"ಇಷ್ಟು ದಿನ ಏನೂ ಆಗಲಿಲ್ಲ, ಇನ್ನು ನಾಲ್ಕು ದಿನ ಕಳೆದರೆ ಏನಾದೀತು?" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಕೇಳುವುದಕ್ಕೆ ಸಮಂಜಸವಾಗಿದ್ದರೂ ಈ ಮಾತಿನ ಬುಡದಲ್ಲಿಯೇ ತಪ್ಪಿದೆ. ಪರಿಷ್ಕರಣ ಬರುವ ಮುಂಚೆ ಆ ಬಿರುಕು ಎಲ್ಲಿದೆಯೆಂದು ಬಲ್ಲವರು ಕೆಲವರೇ. ಅದು ಬಂದ ಮರುದಿನದಿಂದ ಸ್ಥಿತಿ ಬೇರೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಯಾವ ಕಿಟಕಿಗೆ ಹೊಸ ಚಿಲಕ ಬಿದ್ದಿದೆಯೆಂದು ಕಳ್ಳನಿಗೂ ಗೊತ್ತಾಗುತ್ತದೆ. ಚಿಲಕ ಹಾಕಿಕೊಳ್ಳದ ಮನೆಗಳ ಆ ಕಿಟಕಿಗೇ ಅವನು ಕೈಹಾಕುತ್ತಾನೆ. ಆದಕಾರಣ ಮುಂದೂಡಿದ ದಿನಗಳು ಹಿಂದಿನ ದಿನಗಳಂತೆಯೇ ಇರುವುದಿಲ್ಲ, ಅವುಗಳಿಗಿಂತ ಅಪಾಯಕರವಾಗಿರುತ್ತವೆ.

ಇದು ಬರಿಯ ಊಹೆಯಲ್ಲ. ೨೦೦೩ರ ಜುಲೈ ೧೬ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ಪರಿಹಾರವನ್ನು ಹೊರಡಿಸಿತು. ಕೆಲವರು ಆ ಪರಿಹಾರವನ್ನೇ ಬಿಡಿಸಿ ನೋಡಿ ದೋಷದ ನೆಲೆಯನ್ನು ಕಂಡುಹಿಡಿದರು. ಆಗಸ್ಟ್ ೧೧ರಂದು, ಅಂದರೆ ೨೬ ದಿನಗಳ ಬಳಿಕ, 'ಬ್ಲಾಸ್ಟರ್' ಎಂಬ ದುಷ್ಟ ತಂತ್ರಾಂಶವು ಜಾಲದಲ್ಲಿ ಕಾಣಿಸಿಕೊಂಡಿತು. ಅದು ಸೋಂಕಿದ ಯಂತ್ರವು ಅರವತ್ತು ಸೆಕೆಂಡುಗಳ ಎಣಿಕೆಯನ್ನು ತೋರಿಸಿ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಒಮ್ಮೆ ಯಂತ್ರವನ್ನು ಆರಿಸಿ ಹಚ್ಚಲು ಪುರುಸೊತ್ತಿಲ್ಲವೆಂದವರಿಗೆ ದಿನವಿಡೀ ಅದೇ ಕೆಲಸವಾಯಿತೆಂಬುದು ವಿನೋದವೂ ಹೌದು, ವಿಷಾದವೂ ಹೌದು. ಮರುವರ್ಷ, ೨೦೦೪ರ ಆಗಸ್ಟ್‌ನಲ್ಲಿ, ವಿಂಡೋಸ್ ಎಕ್ಸ್‌ಪಿಗೆ 'ಸರ್ವೀಸ್ ಪ್ಯಾಕ್ ೨' ಎಂಬ ಮಹಾಪರಿಷ್ಕರಣ ಬಂದಿತು. ಜಾಲದಿಂದ ಬರುವುದನ್ನು ತಡೆದು ನೋಡುವ ಫೈರ್‌ವಾಲನ್ನು ಅದು ಯಾರ ಅಪ್ಪಣೆಗೂ ಕಾಯದೆ ಚಾಲೂ ಮಾಡಿತು. ಪರಿಣಾಮವಾಗಿ ಕೆಲವು ಹಳೆಯ ತಂತ್ರಾಂಶಗಳು ಕೆಲಸಮಾಡದೆ ನಿಂತವು. ಅನೇಕ ಸಂಸ್ಥೆಗಳು ಅಳುಕಿದವು. ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ಯಾರೂ ಆಗ ಹುಟ್ಟಿರಲಿಲ್ಲ. ಆದರೆ ಅಂದಿನ ಚರ್ಚೆಯೇ ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿದೆ.

೨೦೧೭ರ ಮೇ ೧೨ರಂದು ಹರಡಿದ 'ವಾನಾಕ್ರೈ'ಯ ವೃತ್ತಾಂತ ಇನ್ನೂ ಶೋಚನೀಯ. ಅದು ಬಳಸಿಕೊಂಡ ದೋಷಕ್ಕೆ ಪರಿಹಾರವು ಮಾರ್ಚ್ ೧೪ರಂದೇ ಬಂದಿತ್ತು. ಸುಮಾರು ಎರಡು ತಿಂಗಳ ಅವಕಾಶವಿತ್ತು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆಸ್ಪತ್ರೆಗಳನ್ನು ನಡೆಸುವ ೨೩೬ ಟ್ರಸ್ಟುಗಳ ಪೈಕಿ ಕನಿಷ್ಠ ೮೧ಕ್ಕೆ ಬಾಧೆ ತಟ್ಟಿತೆಂದೂ, ವೈದ್ಯರನ್ನು ಕಾಣಲು ಗೊತ್ತುಮಾಡಿದ್ದ ೬,೯೧೨ ಭೇಟಿಗಳು ರದ್ದಾದುದು ಲೆಕ್ಕಕ್ಕೆ ಸಿಕ್ಕಿತೆಂದೂ ಅಲ್ಲಿಯ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಛೇರಿಯು ವರದಿಮಾಡಿತು. ಶಸ್ತ್ರಚಿಕಿತ್ಸೆಗೆಂದು ಬಂದವರು ಮನೆಗೆ ಹಿಂದಿರುಗಬೇಕಾಯಿತು. 'ಆಮೇಲೆ' ಎಂಬ ಗುಂಡಿಯನ್ನು ಒತ್ತಿದವರು ಆ ರೋಗಿಗಳಲ್ಲವೆಂಬುದನ್ನು ಗಮನಿಸಬೇಕು.

ಅದೇ ವರ್ಷದ ಜೂನ್ ೨೭ರ ಉತ್ಪಾತವು ನಮ್ಮ ಬಾಗಿಲಿಗೇ ಬಂದಿತು. 'ನಾಟ್‌ಪೆಟ್ಯಾ' ಎಂಬ ಆ ತಂತ್ರಾಂಶವು ಉಕ್ರೇನಿನಲ್ಲಿ ಹುಟ್ಟಿ, ಮೆರ್ಸ್ಕ್ ಎಂಬ ಹಡಗು ಸಂಸ್ಥೆಯ ಯಂತ್ರಗಳನ್ನು ಹೊಕ್ಕು, ನಮ್ಮ ಕೊಲ್ಲಿಯ ಆಚೆ ದಡದಲ್ಲಿರುವ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಂಸ್ಥೆಯವರು ನಡೆಸುತ್ತಿದ್ದ ಟರ್ಮಿನಲ್‌ನ ಕೆಲಸವನ್ನು ಸ್ಥಗಿತಗೊಳಿಸಿತು. ಮಾರ್ಚ್‌ನಲ್ಲಿಯೇ ಮುಚ್ಚಬಹುದಾಗಿದ್ದ ಆ ಬಿರುಕು ಇದರ ಆಯುಧಗಳಲ್ಲಿಯೂ ಒಂದಾಗಿತ್ತು. ಒಂದು ಯಂತ್ರದೊಳಕ್ಕೆ ಬಂದಮೇಲೆ ಅಲ್ಲಿ ಸಿಕ್ಕ ಗುಪ್ತಪದಗಳನ್ನು ಕದ್ದು, ಪರಿಷ್ಕರಣ ಮಾಡಿಕೊಂಡಿದ್ದ ನೆರೆಯ ಯಂತ್ರಗಳನ್ನೂ ಅದು ಕೆಡಿಸಬಲ್ಲುದಾಗಿತ್ತು. ಒಂದೇ ಜಾಲದಲ್ಲಿ ಹತ್ತು ಯಂತ್ರಗಳಿರುವ ಕಛೇರಿಯಲ್ಲಿ ಒಬ್ಬನ ಔದಾಸೀನ್ಯವು ಒಬ್ಬನದೇ ಆಗಿ ಉಳಿಯುವುದಿಲ್ಲ.

ಆದರೆ ಎದುರು ಪಕ್ಷದವರ ಭಯಕ್ಕೂ ಆಧಾರವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ೨೦೧೮ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ೧೦ರ ಪರಿಷ್ಕರಣವು ಕೆಲವರ ಕಡತಗಳನ್ನೇ ಅಳಿಸಿಬಿಟ್ಟಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ತಿದ್ದಿ, ನವೆಂಬರ್‌ನಲ್ಲಿ ಮತ್ತೆ ಹೊರಡಿಸಬೇಕಾಯಿತು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಪರಿಷ್ಕರಣದಿಂದ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಇನ್ನು ನಾಟ್‌ಪೆಟ್ಯಾ ಕೂಡ ಮೊದಲು ಒಳಹೊಕ್ಕದ್ದು ಉಕ್ರೇನಿನ ಒಂದು ಲೆಕ್ಕಪತ್ರದ ತಂತ್ರಾಂಶದ ಪರಿಷ್ಕರಣದ ವೇಷದಲ್ಲಿಯೇ.

ಹೀಗಿದ್ದೂ ಪರಿಷ್ಕರಣವನ್ನು ಅಳವಡಿಸಲೇಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ಕೆಟ್ಟ ಪರಿಷ್ಕರಣದಿಂದಾಗುವ ಹಾನಿಯನ್ನು ಕಡತಗಳ ಪ್ರತಿಯಿಂದ ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಕದ್ದುಹೋದ ಗುಪ್ತಪದಗಳನ್ನೂ ಬ್ಯಾಂಕಿನ ಹಣವನ್ನೂ ಯಾವ ಪ್ರತಿಯೂ ಮರಳಿ ತಂದುಕೊಡಲಾರದು. ಆದುದರಿಂದ ಹೋಟೆಲಿನ ಹಿಸಾಬು, ಅಕ್ಕನ ಪ್ರಬಂಧ, ಮನೆಯವರ ಭಾವಚಿತ್ರಗಳನ್ನು ಮೊದಲು ಬೇರೊಂದು ಪೆನ್‌ಡ್ರೈವಿಗೆ ಇಳಿಸಿ ಅದನ್ನು ಯಂತ್ರದಿಂದ ಕಿತ್ತಿಡತಕ್ಕದ್ದು. ಕಿತ್ತಿಡದಿದ್ದರೆ ವಾನಾಕ್ರೈಯಂತಹುದು ಆ ಪ್ರತಿಗೂ ಬೀಗ ಹಾಕೀತು. ಹೊಸ ಅಲಂಕಾರಗಳನ್ನೂ ಸೌಕರ್ಯಗಳನ್ನೂ ತರುವ ವಾರ್ಷಿಕ ಪರಿಷ್ಕರಣವಾದರೆ ಎರಡು ಮೂರು ವಾರ ಕಾದು ಇತರರ ಅನುಭವ ನೋಡುವುದರಲ್ಲಿ ದೋಷವಿಲ್ಲ. ತಿಂಗಳ ಭದ್ರತಾ ಪರಿಷ್ಕರಣಕ್ಕೆ ಅಂಥ ಸಾವಧಾನ ಸಲ್ಲದು. ಹೋಟೆಲು ಮುಚ್ಚಿದ ರಾತ್ರಿಯೇ ಅದಕ್ಕೆ ತಕ್ಕ ಹೊತ್ತು. ಮೊಬೈಲಿನ ಡೇಟಾ ಸಾಲದೆಂಬ ಅಡ್ಡಿಯು ಚಾಳಿನ ಮನೆಗಳಲ್ಲಿ ನಿಜವಾದ ಅಡ್ಡಿಯೇ; ಅಂಥವರು ಬ್ರಾಡ್‌ಬ್ಯಾಂಡ್ ಇರುವ ಬಂಧುಗಳ ಮನೆಗೆ ಲ್ಯಾಪ್‌ಟಾಪನ್ನು ತಿಂಗಳಿಗೊಮ್ಮೆ ಕೊಂಡೊಯ್ದರೆ ಸಾಕು. ಜಾಲತಾಣವೊಂದನ್ನು ನೋಡುತ್ತಿರುವಾಗ "ನಿಮ್ಮ ವಿಂಡೋಸ್ ಅಪಾಯದಲ್ಲಿದೆ, ಇಲ್ಲಿ ಒತ್ತಿ" ಎಂದು ಹಾರಿಬರುವ ಸೂಚನೆಯನ್ನು ಮಾತ್ರ ಎಂದಿಗೂ ನಂಬಲಾಗದು. ಪರಿಷ್ಕರಣವನ್ನು ಯಂತ್ರದ ಸೆಟ್ಟಿಂಗ್ಸ್‌ನೊಳಗೇ ಹೋಗಿ ನೋಡಿಕೊಳ್ಳಬೇಕು.

ಒಪ್ಪಬೇಕೆಂದರೂ ಒಪ್ಪಲು ಏನೂ ಬಾರದ ಯಂತ್ರಗಳ ಸಂಗತಿಯೊಂದು ಉಳಿದಿದೆ. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಆ ಬಳಿಕವೂ ಭದ್ರತಾ ಪರಿಷ್ಕರಣಗಳು ಬೇಕೆಂದವರು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕಾಯಿತು. ಹಳೆಯ ಯಂತ್ರಗಳನೇಕವು ವಿಂಡೋಸ್ ೧೧ಕ್ಕೆ ಬೇಕಾದ ಸಲಕರಣೆಯಿಲ್ಲದ ಕಾರಣ ಅದಕ್ಕೆ ಏರಲಾರವು. ಅಂಥ ಯಂತ್ರವು ಮೌನವಾಗಿರುತ್ತದೆ; ಮೂಲೆಯಲ್ಲಿ ಸೂಚನೆಯೇ ಮೂಡದಿದ್ದರೆ ಹಿರಿಯರು ನಮ್ಮನ್ನು ಕರೆಯುವುದೂ ಇಲ್ಲ, ಎಲ್ಲವೂ ಕ್ಷೇಮವೆಂದು ಭಾವಿಸುತ್ತಾರೆ. ಹೊಸ ಯಂತ್ರಕ್ಕೆ ಹಣ ಕೂಡುವವರೆಗೆ ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ನಡೆಸಕೂಡದೆಂದೂ, ಬಿಲ್ಲು ಬರೆಯುವುದಕ್ಕೆ ಇಂಟರ್ನೆಟ್ ಬೇಕಿಲ್ಲವಾದರೆ ಅದರ ಸಂಪರ್ಕವನ್ನೇ ಕಡಿದಿಡಬೇಕೆಂದೂ ಕರೆಯದಿದ್ದರೂ ಹೋಗಿ ನಾವೇ ಅವರಿಗೆ ಹೇಳಬೇಕಾಗಿದೆ.