ಕ್ಲೋರಿನ್ ತೆಗೆಯುವುದಾದರೆ ಲೋಟದಿಂದ ತೆಗೆಯಿರಿ, ಟ್ಯಾಂಕಿನಿಂದ ಬೇಡ

ಉಪ್ಪಳದಿಂದ ಕುಂಬಳೆವರೆಗೆ ಯಾರ ಮನೆಗೆ ಹೋದರೂ ಈಗ ಒಂದೇ ಮಾತು: "ನಳ್ಳಿ ನೀರಿಗೆ ಮದ್ದಿನ ವಾಸನೆ ಮಾರಾಯ್ರೆ, ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ." ದೂರು ಸುಳ್ಳಲ್ಲ. ಆದರೆ ಅದಕ್ಕೆ ಕೆಲವರು ಹುಡುಕಿರುವ ಪರಿಹಾರ ನೋಡಿ ನನಗೆ ಹೆದರಿಕೆಯಾಗುತ್ತಿದೆ. ಟೆರೇಸಿನ ಟ್ಯಾಂಕಿಗೆ ಹೋಗುವ ಪೈಪಿಗೇ ದೊಡ್ಡ ಕಾರ್ಬನ್ ಫಿಲ್ಟರ್ ಕೂರಿಸಿ, ಇಡೀ ಮನೆಯ ನೀರಿನಿಂದ ಕ್ಲೋರಿನ್ ತೆಗೆದುಬಿಡುವುದು! ಮಸೀದಿಯ ಟ್ಯಾಂಕಿಗೂ ಹೀಗೇ ಮಾಡಿದರೆ ಹೇಗೆ ಎಂದು ಕೇಳುವವರಿದ್ದಾರೆ. ಮಾಡಬೇಡಿ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಡಾಕ್ಟರನಲ್ಲ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಪಂಪು, ಪೈಪು, ಫಿಲ್ಟರುಗಳ ಪರಿಚಯ ಅಲ್ಲಿಂದ. ಬ್ಲೀಚಿಂಗ್ ಪೌಡರಿನ ಪರಿಚಯ ಬಾಪನ ಅಂಗಡಿಯಿಂದ. ಅಕ್ಕಿ, ಬೆಲ್ಲದಿಂದ ದೂರ, ಬೇರೆ ಮೂಲೆಯಲ್ಲಿ ಅದರ ಚೀಲ ಯಾವಾಗಲೂ ಇರುತ್ತಿತ್ತು.

ಮೊದಲು ಕ್ಲೋರಿನ್ ಯಾಕೆ ಹಾಕುತ್ತಾರೆ ಎಂದು ನೋಡೋಣ. ಶುದ್ಧೀಕರಣ ಘಟಕದಲ್ಲಿ ಕ್ರಿಮಿ ಕೊಂದರೆ ಕೆಲಸ ಮುಗಿಯುವುದಿಲ್ಲ. ಅಲ್ಲಿಂದ ನಮ್ಮ ಮನೆಗೆ ಕಿಲೋಮೀಟರುಗಟ್ಟಲೆ ಪೈಪು. ನೀರು ನಿಂತ ಹೊತ್ತಿನಲ್ಲಿ ಒಡೆದ ಜಾಗದಿಂದ ಚರಂಡಿ ನೀರು ಒಳಗೆ ಸೇರಬಹುದು. ಆಗ ಕಾಯುವುದು ನೀರಿನಲ್ಲಿ ಉಳಿದಿರುವ ಚೂರು ಕ್ಲೋರಿನ್. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, 1 ಮಿಲಿಗ್ರಾಂ ಮೀರಬಾರದು. ನಮ್ಮ ಮೂಗಿಗೆ ಬರುವ ಆ ವಾಸನೆ ಕಾವಲುಗಾರ ಇನ್ನೂ ಎದ್ದಿದ್ದಾನೆ ಎಂಬುದರ ಗುರುತು.

ಫಿಲ್ಟರ್ ಮಾರಲು ಬರುವವರ ಒಂದು ಆಟ ಇದೆ. ಲೋಟದ ನೀರಿಗೆ ಎರಡು ಹನಿ ಏನೋ ಹಾಕುತ್ತಾರೆ, ನೀರು ಹಳದಿಯಾಗುತ್ತದೆ. "ನೋಡಿ ಉಮ್ಮ, ನೀವು ಕುಡಿಯುವ ವಿಷ" ಎನ್ನುತ್ತಾರೆ. ಅದು ಆರ್ಥೋಟಾಲಿಡಿನ್. ಆರೋಗ್ಯ ಕಾರ್ಯಕರ್ತರು ಬಾವಿಯಲ್ಲಿ ಕ್ಲೋರಿನ್ ಇದೆಯೋ ಎಂದು ನೋಡಲು ಬಳಸುತ್ತಾ ಬಂದ ದ್ರಾವಣ. ತೆಳು ಹಳದಿ ಬಂದರೆ ಅವರಿಗೆ ಸಮಾಧಾನ, ಬಾರದಿದ್ದರೆ ಚಿಂತೆ. ಅದೇ ಹಳದಿಯನ್ನು ತೋರಿಸಿ ಹೆದರಿಸಿ ನಮ್ಮಿಂದ ಸಾವಿರಾರು ರೂಪಾಯಿ ತೆಗೆಸುತ್ತಾರೆ.

ಈಗ ಮೂಗಿನ ವಿಷಯ. ಅಮೀಬಿಕ್ ಮೆದುಳು ಜ್ವರ ಕೇರಳದಲ್ಲಿ ಎಷ್ಟು ಆತಂಕ ಹುಟ್ಟಿಸಿದೆ ಎಂದು ನಮಗೆಲ್ಲ ಗೊತ್ತು. 2025ರ ಆಗಸ್ಟ್ ಕೊನೆಗೆ ರಾಜ್ಯದಾದ್ಯಂತ ಬಾವಿಗಳಿಗೆ ಕ್ಲೋರಿನ್ ಹಾಕುವ ಅಭಿಯಾನವೇ ನಡೆಯಿತು. ನೀಗ್ಲೇರಿಯ ಎಂಬ ಅಮೀಬಾ ಇರುವ ನೀರನ್ನು ಕುಡಿದರೆ ಈ ಕಾಯಿಲೆ ಬರುವುದಿಲ್ಲ. ನೀರು ಮೂಗಿನ ಮೇಲ್ಭಾಗಕ್ಕೆ ಏರಿದಾಗ ಅದು ಅಲ್ಲಿಂದ ಮೆದುಳಿಗೆ ಹೋಗುತ್ತದೆ. ನಾವು ದಿನಕ್ಕೆ ಐದು ಹೊತ್ತು ವುಝೂ ಮಾಡುವವರು, ಪ್ರತಿ ಸಲ ಮೂಗಿಗೆ ನೀರು ಕೊಡುವವರು. ಪಾಕಿಸ್ತಾನದ ಕರಾಚಿಯಲ್ಲಿ ಈಜುಕೊಳಕ್ಕೆ ಇಳಿಯದವರಿಗೂ ಈ ಕಾಯಿಲೆ ಬಂದಾಗ ವೈದ್ಯರ ಗಮನ ಹೋದದ್ದು ವುಝೂವಿನ ನಳ್ಳಿ ನೀರಿನತ್ತ. ಸಾಕಷ್ಟು ಕ್ಲೋರಿನ್ ಉಳಿದಿರುವ ನೀರಿನಲ್ಲಿ ಈ ಅಮೀಬಾ ಬದುಕುವುದು ಕಷ್ಟ. ಹೀಗಿರುವಾಗ ಬಿಸಿಲಿಗೆ ಕಾಯುವ ಟ್ಯಾಂಕಿನ ನೀರಿನಿಂದ ನಾವೇ ದುಡ್ಡು ಕೊಟ್ಟು ಕ್ಲೋರಿನ್ ತೆಗೆಸುವುದು ಯಾವ ಬುದ್ಧಿವಂತಿಕೆ?

ಹಾಗಾದರೆ ವಾಸನೆ ಸಹಿಸಿಕೊಂಡೇ ಕುಡಿಯಬೇಕೆ? ಬೇಡ. ಕುಡಿಯುವ ನೀರಿಗೆ ಸುಲಭದ ದಾರಿಗಳಿವೆ. ಪಾತ್ರೆಗೆ ತೆಳು ಬಟ್ಟೆ ಕಟ್ಟಿ ರಾತ್ರಿ ಇಟ್ಟರೆ ಕ್ಲೋರಿನ್ ಬಹುಪಾಲು ಗಾಳಿಗೆ ಹೋಗುತ್ತದೆ. ಕುದಿಸಿದರೆ ಬೇಗ ಹೋಗುತ್ತದೆ, ಕ್ರಿಮಿಯೂ ಸಾಯುತ್ತದೆ. ಕುದಿಸಿ ಕುಡಿಯುವ ಅಭ್ಯಾಸ ನಮ್ಮಲ್ಲಿ ಇದ್ದೇ ಇದೆ. ಅರ್ಧ ಚಮಚ ನಿಂಬೆರಸದ ವಿಟಮಿನ್ ಸಿ ಒಂದು ಲೋಟ ನೀರಿನ ಕ್ಲೋರಿನ್‌ಗೆ ಸಾಕು. ಅಡುಗೆಮನೆಯ ಒಂದು ನಳ್ಳಿಗೆ ಸಣ್ಣ ಕಾರ್ಬನ್ ಫಿಲ್ಟರ್ ಹಾಕಿದರೂ ಆಯಿತು. ಅದರ ಕ್ಯಾಂಡಲನ್ನು ಹೇಳಿದ ಅವಧಿಗೆ ಬದಲಾಯಿಸಬೇಕು, ಇಲ್ಲದಿದ್ದರೆ ಕಾರ್ಬನ್ನೇ ಕ್ರಿಮಿಗಳ ಮನೆ. ಕ್ಲೋರಿನ್ ಹೋದ ನೀರಿಗೆ ಕಾವಲಿಲ್ಲ, ಅದನ್ನು ಮುಚ್ಚಿಟ್ಟು ಅದೇ ದಿನ ಮುಗಿಸಬೇಕು.

ಮೊಬೈಲಿನಲ್ಲಿ ವಿಡಿಯೋ ನೋಡಿದವರು "ಕ್ಲೋರಮೈನ್ ಇದ್ದರೆ?" ಎಂದು ಕೇಳುತ್ತಾರೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದರೆ ಆಗುವುದು ಕ್ಲೋರಮೈನ್. ಅಮೆರಿಕದ ಹಲವು ಊರುಗಳಲ್ಲಿ ಬೇಕೆಂದೇ ಹಾಗೆ ಸೇರಿಸುತ್ತಾರೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2004ರಿಂದ. ಅದು ರಾತ್ರಿ ತೆರೆದಿಟ್ಟರೆ ಹೋಗುವುದಿಲ್ಲ, ಕುದಿಸಿದರೂ ಬೇಗ ಹೋಗುವುದಿಲ್ಲ, ಅದಕ್ಕೆ ಬೇರೆ ಬಗೆಯ ಕಾರ್ಬನ್ ಬೇಕು. ನಮ್ಮ ಕಡೆ ಹಾಕುವುದು ಸಾಮಾನ್ಯವಾಗಿ ಬ್ಲೀಚಿಂಗ್ ಪೌಡರ್ ಅಥವಾ ಕ್ಲೋರಿನ್ ಅನಿಲ. ಆದರೆ ಒಂದು ಎಚ್ಚರಿಕೆ: ಬಾವಿಗೆ ಸರಿಯಾದ ಅಳತೆಯಲ್ಲೇ ಪೌಡರ್ ಹಾಕಿದರೂ ಕಟುವಾದ ವಾಸನೆ ದಿನಗಟ್ಟಲೆ ಹೋಗದಿದ್ದರೆ, ನೀರಿನಲ್ಲೇ ಅಮೋನಿಯಾ ಇರಬಹುದು. ಕಕ್ಕಸು ಗುಂಡಿಯೋ ಹಟ್ಟಿಯೋ ಹತ್ತಿರ ಇದೆಯೇ ನೋಡಿ, ನೀರನ್ನು ಪರೀಕ್ಷೆಗೆ ಕೊಡಿ. ಅಲ್ಲಿ ಫಿಲ್ಟರ್ ಹಾಕಿ ವಾಸನೆ ಮುಚ್ಚಿದರೆ ರೋಗದ ಗುರುತನ್ನೇ ಮುಚ್ಚಿದಂತೆ.

ಇನ್ನು ಆರ್‌ಒ. ಅದು ಇರುವುದು ನೀರಿನಲ್ಲಿ ಕರಗಿದ ಉಪ್ಪು, ಖನಿಜ ತೆಗೆಯಲು. ಬಾವಿಕ್ಕರೆಯಲ್ಲಿ ಕಾಯಂ ಅಣೆಕಟ್ಟು ಬರುವ ಮೊದಲು ಬೇಸಿಗೆಯಲ್ಲಿ ಕಾಸರಗೋಡು ಪೇಟೆಯ ನೀರು ಉಪ್ಪಾಗುತ್ತಿತ್ತಲ್ಲ, ಅಂಥ ಕಡೆ ಅದಕ್ಕೆ ಅರ್ಥವಿದೆ. ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಸಾಮಾನ್ಯವಾಗಿ ಖನಿಜವೇ ಕಡಿಮೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಹೊರಗೆ ಚೆಲ್ಲುವ ಯಂತ್ರ ಅದು. ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರಿಗೆ ಕಾಯುವ ನಮಗೆ ಇದು ಬೇಕೆ? ಕ್ಲೋರಿನ್ ತಾಗಿದರೆ ಅದರ ಪೊರೆಯೇ ಹಾಳಾಗುತ್ತದೆ. ಹಾಗಾಗಿ ಅದರೊಳಗೂ ಕ್ಲೋರಿನ್ ತೆಗೆಯುವುದು ಮೊದಲಿಗಿರುವ ಕಾರ್ಬನ್ನೇ.

ಕ್ಲೋರಿನ್ ಪೂರ್ತಿ ತೆಗೆಯಲೇಬೇಕಾದ ಜಾಗಗಳಿವೆ, ಡಯಾಲಿಸಿಸ್ ಯಂತ್ರ, ಮೀನಿನ ತೊಟ್ಟಿ. ಕ್ಲೋರಿನ್ ನೀರಿನ ಕೊಳೆಯ ಜೊತೆ ಸೇರಿ ಬೇಡದ ರಾಸಾಯನಿಕ ಆಗುತ್ತದೆ ಎಂಬ ಮಾತೂ ನಿಜ. ಆದರೆ ಆ ಭಯಕ್ಕೆ ಕ್ರಿಮಿನಾಶ ಮಾಡುವುದನ್ನು ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಜಮಾಅತ್ ಕಮಿಟಿಗಳಲ್ಲಿ ನನ್ನ ವಿನಂತಿ ಇಷ್ಟು. ಹೌಝ್ ಮತ್ತು ಟ್ಯಾಂಕನ್ನು ಆಗಾಗ ಖಾಲಿ ಮಾಡಿ ಉಜ್ಜಿ ತೊಳೆಸಿ. ಸ್ವಂತ ಬಾವಿಯಾದರೆ 1000 ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿ. 3 ಮೀಟರ್ ಅಗಲದ ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್, ಅಂದರೆ 35 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ಅಡಿಗಿಳಿದ ಮೇಲೆ ತಿಳಿಯನ್ನು ಬಾವಿಗೆ ಇಳಿಸಿ, ಒಂದು ಗಂಟೆ ಬಿಟ್ಟು ಬಳಸಿ. ಕಟ್ಟು ಬಿಚ್ಚಿ ತಿಂಗಳುಗಟ್ಟಲೆ ಇಟ್ಟ ಪೌಡರಿಗೆ ಶಕ್ತಿ ಇರುವುದಿಲ್ಲ, ಹೊಸ ಪ್ಯಾಕೆಟ್ ಕೇಳಿ ತೆಗೆದುಕೊಳ್ಳಿ. ಆರೋಗ್ಯದ ನೋಟಿಸು ಮಲಯಾಳದಲ್ಲಿ ಮಾತ್ರ ಬಂದರೆ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರು ಓದಲಾರರು. ಜುಮಾ ಮುಗಿದ ಮೇಲೆ ಐದು ನಿಮಿಷ ಬ್ಯಾರಿಯಲ್ಲಿ ಇದನ್ನು ಹೇಳಿಸಿ, ನಳ್ಳಿಯ ಹತ್ತಿರ ಕನ್ನಡದಲ್ಲೂ ಒಂದು ಬೋರ್ಡ್ ಹಾಕಿಸಿ. ಮನೆಗೆ ಫಿಲ್ಟರ್ ಮಾರುವವರು ಬರುವ ಮೊದಲೇ ಈ ಮಾತು ಮನೆ ಮುಟ್ಟಲಿ.