‘ನೀರಿನಲ್ಲಿ’ ಎಂದು ಸೇರಿಸಿ ಬರೆಯಿರಿ



ಮೈಲುತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸುವ ಪ್ರಯೋಗವನ್ನು ನಿಮ್ಮಲ್ಲಿ ಹೆಚ್ಚಿನವರು ಮಾಡಿದ್ದೀರಿ, ಇಲ್ಲವೇ ನೋಡಿದ್ದೀರಿ. ಸ್ವಲ್ಪ ಹೊತ್ತಿನಲ್ಲಿ ಮೊಳೆಯ ಮೇಲೆ ಕೆಂಗಂದು ತಾಮ್ರ ಕೂರುತ್ತದೆ, ದ್ರಾವಣದ ನೀಲಿ ಮಾಸುತ್ತದೆ. ಕಳೆದ ವರ್ಷ ಈ ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ನೀರಿನ ಬದಲು ಬೇರೆ ದ್ರವ ಹಾಕಿದ್ರೆ ಏನಾಗುತ್ತೆ?” ಪಾಠ ಮುಗಿಸುವ ಅವಸರದಲ್ಲಿದ್ದ ನಾನು “ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಅಂದುಬಿಟ್ಟೆ. ಹಾಗೆ ಹೇಳಿದ್ದು ತಪ್ಪು. ಯಾಕೆ ತಪ್ಪು ಎಂದು ವಿವರಿಸುವುದಕ್ಕೇ ಈ ಲೇಖನ.

ಮೊಳೆಯ ಮೇಲೆ ನಡೆದದ್ದು ಹೊರಗಿನ ವಿದ್ಯುತ್ ಇಲ್ಲದ ಲೋಹಲೇಪನ. ಬ್ಯಾಟರಿ ಇಲ್ಲ, ಆದರೆ ಎಲೆಕ್ಟ್ರಾನ್ ವರ್ಗಾವಣೆ ಇದ್ದೇ ಇದೆ: ಕಬ್ಬಿಣ ಕೊಟ್ಟ ಎಲೆಕ್ಟ್ರಾನ್‌ಗಳನ್ನು ತಾಮ್ರದ ಅಯಾನು ಪಡೆದು ಲೋಹವಾಗುತ್ತದೆ. ಇನ್ನೊಂದು ವಿಧಾನದಲ್ಲಿ ಎಲೆಕ್ಟ್ರಾನ್ ಕೊಡುವ ಕೆಲಸವನ್ನು ದ್ರಾವಣದಲ್ಲೇ ಇರುವ ಅಪಕರ್ಷಣಕಾರಿ ಮಾಡುತ್ತದೆ. 1946ರಲ್ಲಿ ಅಮೆರಿಕದ ಬ್ರೆನರ್ ಮತ್ತು ರಿಡೆಲ್ ಸೋಡಿಯಂ ಹೈಪೋಫಾಸ್ಫೈಟ್ ಬಳಸಿ ನಿಕ್ಕಲ್ ಲೇಪಿಸುವ ಇಂಥ ವಿಧಾನವನ್ನು ತೋರಿಸಿದರು. ಕಾರ್ಖಾನೆಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಮೊಳೆಯ ಪ್ರಯೋಗವೂ ಇದೂ ನಡೆಯುವುದು ನೀರಿನಲ್ಲಿ.

ಈಗ ಕ್ರಿಯಾಶೀಲತೆಯ ಸರಣಿಯಲ್ಲಿ ಮೇಲಿರುವ ಅಲ್ಯೂಮಿನಿಯಂ ತೆಗೆದುಕೊಳ್ಳಿ. ಅದರ ಪ್ರಮಾಣ ವಿಭವ −1.66 ವೋಲ್ಟ್. ಅಂದರೆ ಅದರ ಅಯಾನಿಗೆ ಎಲೆಕ್ಟ್ರಾನ್ ಒಪ್ಪಿಸುವುದು ಬಹಳ ಕಷ್ಟ. ಅಷ್ಟು ಪ್ರಬಲವಾದ ಅಪಕರ್ಷಣಕಾರಿಯನ್ನು ನೀರಿಗೆ ಹಾಕಿದರೆ ಎಲೆಕ್ಟ್ರಾನ್‌ಗಳನ್ನು ನೀರೇ ಮೊದಲು ಕಸಿದುಕೊಂಡು ಹೈಡ್ರೋಜನ್ ಬಿಡುತ್ತದೆ. ಅಲ್ಯೂಮಿನಿಯಂಗೆ ಏನೂ ಉಳಿಯುವುದಿಲ್ಲ. ಹಾಗಂತ ಅಲ್ಯೂಮಿನಿಯಂ ಲೇಪನವೇ ಆಗದು ಅನ್ನಬೇಡಿ. ಅಡ್ಡಿಯಾಗಿರುವುದು ನೀರು.

ನೀರು ಬಿಟ್ಟರೆ ಮತ್ತೇನು? ಅಡುಗೆ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಆದರೆ ಕೆಲವು ಲವಣಗಳ ಅಯಾನುಗಳು ದೊಡ್ಡವು, ಸೊಟ್ಟ ಆಕಾರದವು, ಒತ್ತೊತ್ತಾಗಿ ಜೋಡಿಸಿಕೊಳ್ಳಲಾರವು. ಅಂಥ ಲವಣಗಳು 100 ಡಿಗ್ರಿಗಿಂತ ಕಡಿಮೆ ತಾಪದಲ್ಲೇ ದ್ರವವಾಗಿರುತ್ತವೆ. ಇವೇ ಅಯಾನಿಕ ದ್ರವಗಳು. ಇಂಥದೊಂದು ಲವಣಕ್ಕೆ ಅಲ್ಯೂಮಿನಿಯಂ ಕ್ಲೋರೈಡ್ ಬೆರೆಸಿ, ಲಿಥಿಯಂ ಹೈಡ್ರೈಡನ್ನು ಅಪಕರ್ಷಣಕಾರಿಯಾಗಿ ಬಳಸಿ, ಬ್ಯಾಟರಿಯಿಲ್ಲದೆ ಅಲ್ಯೂಮಿನಿಯಂ ಲೇಪಿಸಿದ್ದನ್ನು ಜಪಾನಿನ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಲಿಥಿಯಂ ಹೈಡ್ರೈಡನ್ನು ನೀರಿಗೆ ಹಾಕಿದ್ದರೆ ಅದು ರಭಸದಿಂದ ವರ್ತಿಸಿ ಹೈಡ್ರೋಜನ್ ಆಗಿ ಹೋಗುತ್ತಿತ್ತು.

ಇನ್ನೊಂದು ಉದಾಹರಣೆಯ ಸಾಮಗ್ರಿ ನಿಮಗೆ ಪರಿಚಿತವೇ. ಕೋಳಿ ಆಹಾರಕ್ಕೆ ಬೆರೆಸುವ ಕೋಲೀನ್ ಕ್ಲೋರೈಡ್ ಒಂದು ಮೋಲ್, ಹೊಲಕ್ಕೆ ಹಾಕುವ ಯೂರಿಯಾ ಎರಡು ಮೋಲ್. ಯೂರಿಯಾ ಕರಗುವುದು 133 ಡಿಗ್ರಿಯಲ್ಲಿ, ಕೋಲೀನ್ ಕ್ಲೋರೈಡ್ ಸುಮಾರು 300ರಲ್ಲಿ. ಎರಡನ್ನೂ ಬೆರೆಸಿದರೆ 12 ಡಿಗ್ರಿಗೇ ದ್ರವ! ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಟ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಕಟಿಸಿದರು. ಯೂರಿಯಾದ ಬದಲು ಎಥಿಲೀನ್ ಗ್ಲೈಕಾಲ್ ಸೇರಿಸಿ ಮಾಡಿದ ದ್ರವದಲ್ಲಿ ಸಿಲ್ವರ್ ಕ್ಲೋರೈಡ್ ಕರಗುತ್ತದೆ. ಹೌದು, ನಾವು ‘ಕರಗದ ಬಿಳಿ ಒತ್ತರ’ ಎಂದು ಬಾಯಿಪಾಠ ಮಾಡಿಸುವ ಅದೇ ಸಿಲ್ವರ್ ಕ್ಲೋರೈಡ್. ಅಲ್ಲಿ ತುಂಬಿರುವ ಕ್ಲೋರೈಡ್ ಅಯಾನುಗಳು ಬೆಳ್ಳಿಯ ಅಯಾನನ್ನು ಸುತ್ತುವರಿದು ಕರಗಿಸಿಬಿಡುತ್ತವೆ. ಅದರಲ್ಲಿ ತಾಮ್ರದ ತಗಡು ಮುಳುಗಿಸಿದರೆ ಬೆಳ್ಳಿ ಕೂರುತ್ತದೆ. ಆ ಬೆಳ್ಳಿ ಪದರದಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅಡಿಯ ತಾಮ್ರ ಕರಗುತ್ತಲೇ ಇದ್ದು, ಲೇಪನ ಕೆಲವು ಮೈಕ್ರೋಮೀಟರ್ ದಪ್ಪದವರೆಗೂ ಬೆಳೆಯುತ್ತದೆ.

ಹಾಗಾದರೆ ನೀರನ್ನು ಬಿಟ್ಟೇಬಿಡೋಣವೇ? ಖಂಡಿತ ಬೇಡ. ನೀರು ಅಗ್ಗ, ಬೇಕಾದಷ್ಟು ಸಿಗುತ್ತದೆ. ಈ ದ್ರವಗಳಲ್ಲಿ ಹಲವು ಮಂದವಾಗಿರುವುದರಿಂದ ಅಯಾನುಗಳು ನಿಧಾನ ಚಲಿಸುತ್ತವೆ. ಅಲ್ಯೂಮಿನಿಯಂ ಕ್ಲೋರೈಡ್ ಇರುವ ದ್ರವಕ್ಕೆ ಗಾಳಿಯ ತೇವ ತಗಲಿದರೂ ಸಾಕು, ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ವಿಷ. ‘ಹಸಿರು ದ್ರಾವಕ’ ಎಂಬ ಹೆಸರು ಕಂಡಲ್ಲೆಲ್ಲ ನಂಬಬೇಡಿ, ಇವನ್ನು ಮನೆಯಲ್ಲಿ ಮಾಡಿ ನೋಡಲೂ ಹೋಗಬೇಡಿ.

ನಾನು ಹೇಳುವುದು ಇಷ್ಟೇ. ಪಾಠದಲ್ಲಿರುವ ಎಷ್ಟೋ ನಿಯಮಗಳು ನೀರಿಗೆ ಸಂಬಂಧಿಸಿದವು. ‘ಸಿಲ್ವರ್ ಕ್ಲೋರೈಡ್ ಕರಗುವುದಿಲ್ಲ’ ಎಂದು ಬರೆಯುವಾಗ ‘ನೀರಿನಲ್ಲಿ’ ಎಂದು ಸೇರಿಸಿ. ಪ್ರಮಾಣ ವಿಭವದ ಪಟ್ಟಿಯ ನೆತ್ತಿಯ ಮೇಲೂ ‘ನೀರಿನಲ್ಲಿ, 25 ಡಿಗ್ರಿಯಲ್ಲಿ’ ಎಂದು ಬರೆದುಕೊಳ್ಳಿ. ಆ ಪದ ಬಿಟ್ಟುಹೋದರೆ ಉತ್ತರಕ್ಕೆ ಅಂಕ ಬರಬಹುದು, ಆದರೆ ಮುಂದಿನ ಪ್ರಶ್ನೆ ಹುಟ್ಟುವುದಿಲ್ಲ. ಅಧ್ಯಾಪಕ ಮಿತ್ರರಲ್ಲೂ ಒಂದು ವಿನಂತಿ: ಹಾಗೆ ಸೇರಿಸಿ ಬರೆದ ಮಕ್ಕಳ ಅಂಕ ಕಳೆಯಬೇಡಿ.

ಆ ಹುಡುಗಿಯನ್ನು ಮೊನ್ನೆ ಕರೆದು ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, “ಹಾಗಾದ್ರೆ ಆ ದ್ರವಕ್ಕೆ ಬೇರೆಯೇ ಪಟ್ಟಿ ಇರಬೇಕಲ್ವಾ ಸರ್?” ಅಂದಳು. ಇರಬೇಕು, ಇದೆ ಕೂಡ. ದ್ರಾವಕ ಬದಲಾದರೆ ವಿಭವಗಳೂ ಬದಲಾಗುತ್ತವೆ; ಒಂದೊಂದು ದ್ರವದಲ್ಲೂ ಅಳೆದೇ ತಿಳಿಯಬೇಕು. ಅಳೆಯುವ ಕೆಲಸ ಇನ್ನೂ ಬಹಳ ಬಾಕಿ ಇದೆ. ಈ ಸಲ ಅವಳನ್ನು ಕೂತ್ಕೋ ಅನ್ನಲಿಲ್ಲ.