ಪರವೂರಿಗೆ ಅತಿಥಿಗಳಾಗಿ ಹೋಗೋಣ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದ್ದಾರೆ. ಕೋಶವನ್ನು ಹೇಗೆ ಓದಬೇಕೆಂದು ಶಾಲೆಯಲ್ಲಿ ಕಲಿಸುತ್ತಾರೆ. ದೇಶವನ್ನು ಹೇಗೆ ಸುತ್ತಬೇಕೆಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಬಸ್ಸಿನಿಂದಿಳಿದು, ಗದ್ದಲವೆಬ್ಬಿಸಿ, ನಾಲ್ಕು ಫೋಟೋ ತೆಗೆದು, ತಿಂದ ಪೊಟ್ಟಣವನ್ನು ಅಲ್ಲೇ ಬಿಸಾಡಿ ಬಂದರೆ ಪ್ರವಾಸವಾಯಿತೆಂದು ತಿಳಿಯುವವರೇ ಹೆಚ್ಚು. ಈ ಕ್ರಮ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಕಡಲ ಕರೆಯ ಸಣ್ಣ ಊರುಗಳ ವಿಷಯದಲ್ಲಂತೂ ಇದು ತೀರ ಅಗತ್ಯ.

ಕಾಸರಗೋಡಿನ ನಮಗೆ ಬಹಳ ದೂರವಲ್ಲದ ಗೋಕರ್ಣವನ್ನೇ ನೋಡೋಣ. ಮಹಾಬಲೇಶ್ವರ ದೇವಸ್ಥಾನ, ಕೋಟಿತೀರ್ಥ, ಶಿವರಾತ್ರಿಯ ತೇರು ಎಳೆಯುವ ರಥಬೀದಿ, ಅದರ ಕೊನೆಗೆ ಕಡಲು. ಬೀದಿಯ ಬದಿಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಹೂವು, ತರಕಾರಿಯ ಬುಟ್ಟಿಯಿಟ್ಟು ಕುಳಿತಿರುತ್ತಾರೆ. ಹತ್ತಿರದ ಸಾಣಿಕಟ್ಟೆಯಲ್ಲಿ ಬೇಸಗೆಯ ಬಿಸಿಲಿಗೆ ಉಪ್ಪು ಬೆಳೆಯುತ್ತಾರೆ. ಆ ಊರಿಗೆ ಅವಸರವಿಲ್ಲ. ಹಿಂದೆ ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಯಾತ್ರಿಕರು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವಿದೇಶೀಯರು ಬರತೊಡಗಿದರು. 1998ರಲ್ಲಿ ಕೊಂಕಣ ರೈಲುದಾರಿ ಪೂರ್ತಿಯಾದ ಮೇಲೆ ಪ್ರಯಾಣ ಇನ್ನೂ ಸುಲಭವಾಯಿತು. ಈಗ ಕುಡ್ಲೆ, ಓಂ ಕಡಲತೀರಗಳಲ್ಲಿ ರಜಾ ದಿನ ಬಂತೆಂದರೆ ಜನಜಂಗುಳಿ.

ಜನ ಬರುವುದು ತಪ್ಪೆಂದು ನಾವು ಹೇಳುವುದಿಲ್ಲ. ಬಂದವರು ಮರೆಯುವ ಸಂಗತಿ ಒಂದಿದೆ: ಕಡಲತೀರ ಬಯಲಲ್ಲ. ಮೀನುಗಾರನಿಗೆ ಅದು ಅಂಗಳ, ಅದೇ ಕಾರ್ಖಾನೆ. ಅಲ್ಲಿ ಹರಡಿದ ಬಲೆಯನ್ನು ತುಳಿಯುವುದು, ದೋಣಿಯೇರಿ ಕುಣಿಯುವುದು ವಿನೋದವಲ್ಲ. ನಮ್ಮ ತೋಟದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಯಾರಾದರೂ ಓಡಾಡಿದರೆ ನಾವು ಸುಮ್ಮನಿರುತ್ತೇವೆಯೇ?

ಫೋಟೋದ ಮಾತೂ ಹಾಗೆಯೇ. ಹಾಲಕ್ಕಿ ಹೆಂಗಸರು ಕೊರಳ ತುಂಬ ಮಣಿಸರ ಧರಿಸುವುದು ನಮ್ಮ ಕ್ಯಾಮರಕ್ಕಾಗಿ ಅಲ್ಲ. ಕೋಟಿತೀರ್ಥದ ಮೆಟ್ಟಿಲಲ್ಲಿ ಕುಳಿತವನು ತನ್ನ ತಂದೆಗೆ ತಿಲತರ್ಪಣ ಬಿಡುತ್ತಿರಬಹುದು. ಅಂಥ ಹೊತ್ತಿನಲ್ಲಿ ಮೊಬೈಲನ್ನು ಜೇಬಿನಲ್ಲಿಡುವುದೇ ಸಭ್ಯತೆ. ಬೇರೆ ಸಮಯದಲ್ಲಾದರೆ ‘ಅಕ್ಕಾ, ಒಂದು ಫೋಟೋ ತೆಗೆಯಲೇ?’ ಎಂದು ಕೇಳಬಹುದು. ಬೇಡವೆಂದರೆ ಬೇಡ. ಕಡಲಿನಲ್ಲಿ ಮಿಂದ ಒದ್ದೆಬಟ್ಟೆಯಲ್ಲೇ ರಥಬೀದಿಗೆ ಬರುವುದೂ, ದೊಡ್ಡ ಹೋಟೆಲಿನಲ್ಲಿ ಕೇಳಿದಷ್ಟು ತೆತ್ತು ಹರಿವೆಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಶಿ ಮಾಡುವುದೂ ಶೋಭೆಯಲ್ಲ.

ಊರವರ ಮಾತಿಗೆ ಬೆಲೆ ಕೊಡುವುದರಿಂದ ನಮಗೇ ಲಾಭವಿದೆ. ಎಲ್ಲಿ ಸೆಳೆತವಿದೆ, ಯಾವ ಬಂಡೆ ಜಾರುತ್ತದೆ ಎಂಬುದು ಅವರಿಗೆ ಗೊತ್ತು. ‘ಅಲ್ಲಿ ಇಳಿಯಬೇಡಿ’ ಎಂದಾಗ ನಕ್ಕು ನೀರಿಗಿಳಿದವರು ಮರಳಿ ಬಾರದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಮಳೆಗಾಲದ ಕಡಲಂತೂ ಆಟದ ಕಡಲಲ್ಲ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆಯಿಟ್ಟು ವೃದ್ಧಿಯಾಗಲೆಂದು ಮಾಡಿದ ಏರ್ಪಾಡಿದು. ಆ ದಿನಗಳಲ್ಲಿ ಊಟಕ್ಕೆ ಕುಳಿತು ‘ಕಡಲೂರಿನಲ್ಲೂ ತಾಜಾ ಮೀನಿಲ್ಲವೇ?’ ಎಂದು ಗೊಣಗುವವನು ಕಡಲನ್ನು ಕಂಡಿರಬಹುದು, ಕಡಲೂರನ್ನು ಕಂಡಿಲ್ಲ.

‘ನಾವು ಹಣ ಕೊಡುತ್ತೇವಲ್ಲ, ನಮ್ಮಿಂದಲೇ ಅವರ ಜೀವನ’ ಎಂದು ವಾದಿಸುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ರಿಕ್ಷಾದವರಿಗೆ, ಅಂಗಡಿಯವರಿಗೆ, ಕೋಣೆ ಬಾಡಿಗೆಗೆ ಕೊಡುವವರಿಗೆ ಪ್ರವಾಸಿಗರಿಂದ ನಾಲ್ಕು ಕಾಸು ಸಿಗುತ್ತದೆ. ಯಾರೂ ಬರಬಾರದೆಂದರೆ ಅವರ ಹೊಟ್ಟೆಗೆ ಹೊಡೆದಂತೆ. ಆದರೆ ನಾವು ಕೊಟ್ಟ ಹಣ ಕೋಣೆಗಾಯಿತು, ಊಟಕ್ಕಾಯಿತು. ಊರನ್ನು ನಾವು ಕೊಂಡುಕೊಂಡಿಲ್ಲ. ನಾವು ಬಿಟ್ಟುಬಂದ ಬಾಟಲಿ, ಪ್ಲಾಸ್ಟಿಕ್ಕುಗಳನ್ನು ಮರುದಿನ ಹೆಕ್ಕುವವರು ಅಲ್ಲಿಯವರೇ.

ಇದನ್ನು ಅರ್ಥಮಾಡಿಕೊಳ್ಳಲು ನಮಗೆ ದೂರದ ಉದಾಹರಣೆ ಬೇಡ. ನಮ್ಮ ಜಿಲ್ಲೆಯಲ್ಲೇ ಬೇಕಲವಿದೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕನು ಕಟ್ಟಿಸಿದನೆನ್ನುವ ಆ ಕೋಟೆ ನಮಗೆ ಅಭಿಮಾನದ ವಸ್ತು. 1992ರಲ್ಲಿ ಕೇಂದ್ರ ಸರಕಾರವು ಬೇಕಲವನ್ನು ವಿಶೇಷ ಪ್ರವಾಸಿ ಪ್ರದೇಶವೆಂದು ಸಾರಿತು. ಅಲ್ಲಿಗೆ ಬಂದವರು ಕೋಟೆಯ ಗೋಡೆಯಲ್ಲಿ ಹೆಸರು ಕೆತ್ತಿದರೆ, ನಮ್ಮ ಜನರನ್ನು ಕಡೆಗಣಿಸಿ ಮಾತಾಡಿದರೆ ನಮಗೆ ನೋವಾಗುತ್ತದೆ. ಬೇಕಲದಲ್ಲಿ ಬಂದವರಿಂದ ನಾವು ಏನನ್ನು ಬಯಸುತ್ತೇವೆಯೋ ಅದನ್ನೇ ಗೋಕರ್ಣದವರು ನಮ್ಮಿಂದ ಬಯಸುತ್ತಾರೆ.

ವಿದೇಶದಿಂದ ಬಂದವನಿಗೆ ಭಾಷೆ ತಿಳಿಯದೆಂಬ ನೆಪವಾದರೂ ಇದೆ. ನಮಗೆ ಅದೂ ಇಲ್ಲ. ಗಡಿಯಾಚೆ ಕನ್ನಡದಲ್ಲಿ ಕಲಿಯುತ್ತಿರುವ ನಮಗೆ ಗೋಕರ್ಣದಲ್ಲಿ ನಮ್ಮ ಭಾಷೆಯೇ ಕೇಳಿಸುತ್ತದೆ. ನಮ್ಮಲ್ಲಿ ಹಲವರ ಮನೆಯ ಹವ್ಯಕ ಮಾತು ಅಲ್ಲಿ ಬೇರೊಂದು ಧಾಟಿಯಲ್ಲಿದೆ. ಹಾಲಕ್ಕಿಗಳ ಕನ್ನಡ ಇನ್ನೊಂದು ಬಗೆಯದು. ತರಕಾರಿ ಬುಟ್ಟಿಯ ಮುಂದೆ ಹತ್ತು ನಿಮಿಷ ಕುಳಿತು ಮಾತಾಡಿದರೆ ಪಾಠಪುಸ್ತಕದಲ್ಲಿಲ್ಲದ ಕನ್ನಡ ಕಿವಿಗೆ ಬೀಳುತ್ತದೆ.

ಆದರೆ ಹತ್ತು ನಿಮಿಷ ಎಲ್ಲಿದೆ? ಬೆಳಿಗ್ಗೆ ಮುರ್ಡೇಶ್ವರ, ಮಧ್ಯಾಹ್ನ ಗೋಕರ್ಣ, ಸಂಜೆಗೆ ಯಾಣ ಎಂದು ಓಡುವ ಪ್ರವಾಸದಲ್ಲಿ ಮರ್ಯಾದೆಗೂ ಸಮಯ ಸಿಗುವುದಿಲ್ಲ. ಆದ್ದರಿಂದ ಶಾಲಾ ಪ್ರವಾಸದ ಪಟ್ಟಿ ತಯಾರಿಸುವ ಗುರುಗಳಲ್ಲಿ ನಮ್ಮದೊಂದು ವಿನಂತಿ: ಎರಡು ಊರು ಕಡಿಮೆ ಮಾಡಿ, ಒಂದು ಊರಿನಲ್ಲಿ ಪೂರ್ತಿ ಒಂದು ದಿನ ನಮ್ಮನ್ನು ಇರಗೊಡಿ. ಸಹಪಾಠಿಗಳಲ್ಲಿಯೂ ಒಂದು ಮಾತು: ಚೀಲದಲ್ಲಿ ನೀರಿನ ಬಾಟಲಿಯ ಜೊತೆ ಕಸ ತುಂಬಿಕೊಂಡು ಬರಲು ಒಂದು ಬಟ್ಟೆಯ ಸಂಚಿಯನ್ನೂ ಇಟ್ಟುಕೊಳ್ಳಿ. ಮುಂದಿನ ವರ್ಷ ನಮ್ಮ ಶಾಲೆಯ ಬಸ್ಸು ಬಂದಾಗ ಆ ಊರಿನವರು ‘ಬನ್ನಿ’ ಎನ್ನುವಂತಿರಬೇಕು.